ಜಾಗ್ವಾರ್ ಕಾರು ಮಾರುವುದನ್ನೇ ನಿಲ್ಲಿಸಿದ್ದು ಯಾಕೆ?

2025ರ ಏಪ್ರಿಲ್‌ನಲ್ಲಿ ಇಡೀ ಯುರೋಪಿನಲ್ಲಿ ನೋಂದಣಿಯಾದ ಹೊಸ ಜಾಗ್ವಾರ್ ಕಾರುಗಳು ಬರೀ 49. ಹಿಂದಿನ ವರ್ಷ ಅದೇ ತಿಂಗಳಲ್ಲಿ 1,961 ಕಾರುಗಳು ನೋಂದಣಿಯಾಗಿದ್ದವು. ಅಂದರೆ ಶೇ 97.5ರಷ್ಟು ಕುಸಿತ. ಈ ಅಂಕಿ ಹೊರಬಿದ್ದ ಕೂಡಲೇ ಫೋನಿಂದ ಫೋನಿಗೆ ಹರಿದಾಡಿತು. 2024ರ ನವೆಂಬರ್‌ನಲ್ಲಿ ಕಂಪನಿ ಬಿಟ್ಟಿದ್ದ ಜಾಹೀರಾತು ಜನರ ನೆನಪಿನಲ್ಲಿ ಹಸಿಯಾಗಿಯೇ ಇತ್ತು. ಗಾಢ ಬಣ್ಣದ ಬಟ್ಟೆ ತೊಟ್ಟ ರೂಪದರ್ಶಿಗಳು, ಹೊಸ ಲೋಗೊ, ಒಂದೇ ಒಂದು ಕಾರೂ ಇಲ್ಲದ ವಿಡಿಯೊ. "ನೀವು ಕಾರು ಮಾರ್ತೀರಾ?" ಎಂದು ಎಲಾನ್ ಮಸ್ಕ್ ಆಗಲೇ ಕೇಳಿದ್ದರು. ಎರಡನ್ನೂ ಜೋಡಿಸಿ, ಒಂದು ಜಾಹೀರಾತು ಕಂಪನಿಯನ್ನೇ ಮುಳುಗಿಸಿತು ಎಂದು ಬಹಳಷ್ಟು ಜನ ತೀರ್ಮಾನಿಸಿದರು.

ಆ ತೀರ್ಮಾನ ತಪ್ಪು. ಹಾಗಂತ ಜಾಗ್ವಾರ್ ಆರೋಗ್ಯವಾಗಿದೆ ಎಂದೂ ಹೇಳಲಾಗದು. ಅದರ ಕಾಯಿಲೆ ಈ ಜಾಹೀರಾತಿಗಿಂತ ತುಂಬ ಹಳೆಯದು. 2008ರಿಂದ ಈ ಕಂಪನಿ ಟಾಟಾ ಕೈಯಲ್ಲಿ ಇರುವುದರಿಂದ ಅದರ ಏಳುಬೀಳು ನಮ್ಮಲ್ಲಿನ ಷೇರುದಾರರನ್ನೂ ತಟ್ಟುತ್ತದೆ. ಹಾಗಾಗಿ ಇಲ್ಲಿ ಕಲಸಿಹೋಗಿರುವ ಸಂಗತಿಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

49ರ ಹಿಂದಿನ ಲೆಕ್ಕ

ಮಾರಾಟ ಬೀಳಲು ಮುಖ್ಯ ಕಾರಣ ತುಂಬ ಸರಳ. ಅಂಗಡಿಯಲ್ಲಿ ಸರಕೇ ಇರಲಿಲ್ಲ.

ಎಕ್ಸ್‌ಇ, ಎಕ್ಸ್‌ಎಫ್ ಸೆಡಾನ್‌ಗಳು ಮತ್ತು ಎಫ್-ಟೈಪ್ ಸ್ಪೋರ್ಟ್ಸ್ ಕಾರಿನ ತಯಾರಿಕೆ 2024ರ ಮಧ್ಯದಲ್ಲೇ ನಿಂತಿತ್ತು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಮ್ಯಾಗ್ನಾ ಕಂಪನಿ ಜಾಗ್ವಾರ್‌ಗಾಗಿ ಮಾಡಿಕೊಡುತ್ತಿದ್ದ ಇ-ಪೇಸ್ ಮತ್ತು ವಿದ್ಯುತ್ ಚಾಲಿತ ಐ-ಪೇಸ್ ಆ ವರ್ಷದ ಕೊನೆಗೆ ಮುಗಿದವು. ಬ್ರಿಟನ್ನಿನಲ್ಲಿ ಹೊಸ ಕಾರಿನ ಮಾರಾಟವನ್ನು ನವೆಂಬರ್‌ನಲ್ಲೇ ನಿಲ್ಲಿಸಲಾಯಿತು. ಉಳಿದದ್ದು ಎಫ್-ಪೇಸ್ ಒಂದೇ. ಅದೂ ಬೇರೆ ದೇಶಗಳ ಮಾರುಕಟ್ಟೆಗಾಗಿ ಇನ್ನೊಂದು ವರ್ಷ ತಯಾರಾಗಿ, 2025ರ ಕೊನೆಯಲ್ಲಿ ನಿಂತಿತು. ಹಾಗಾಗಿ ಏಪ್ರಿಲ್‌ನ ಆ 49 ಕಾರುಗಳು ಹೆಚ್ಚಾಗಿ ಶೋರೂಮ್‌ಗಳಲ್ಲಿ ಅಳಿದುಳಿದಿದ್ದ ಕಾರುಗಳೇ. ಜಾಹೀರಾತು ನೋಡಿ ಜನ ಬೇಡ ಅಂದರು ಎಂದು ಹೇಳಬೇಕಾದರೆ, ಬೇಕು ಅನ್ನುವುದಕ್ಕೆ ಕಾರಾದರೂ ಇರಬೇಕು ಅಲ್ವಾ?

ಇದೆಲ್ಲ ಕಂಪನಿಯೇ ಹಾಕಿಕೊಂಡ ಯೋಜನೆ. ಹಳೆಯ ಮಾದರಿಗಳನ್ನು ಪೂರ್ತಿ ನಿಲ್ಲಿಸುವುದು, ನಡುವೆ ಬಿಡುವು ಕೊಡುವುದು, ಆಮೇಲೆ 1 ಲಕ್ಷ ಪೌಂಡ್‌ಗಿಂತ ಜಾಸ್ತಿ ಬೆಲೆಯ, ಸುಮಾರು 1.2 ಕೋಟಿ ರೂಪಾಯಿಯ, ವಿದ್ಯುತ್ ಕಾರುಗಳೊಂದಿಗೆ ಹೊಸದಾಗಿ ಶುರು ಮಾಡುವುದು. ಇಷ್ಟು ದೊಡ್ಡ ಸಾಹಸಕ್ಕೆ ಕಂಪನಿ ಯಾಕೆ ಇಳಿಯಿತು ಎಂದು ತಿಳಿಯಲು ಹಿಂದಕ್ಕೆ ಹೋಗಬೇಕು.

ಲಯನ್ಸ್ ಕಟ್ಟಿದ ಸೂತ್ರ

1922ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್‌ಲಿ ಎಂಬ ಇಬ್ಬರು ಮೋಟಾರ್ ಸೈಕಲ್‌ಗೆ ಸೈಡ್‌ಕಾರ್ ಮಾಡುವ ಸಣ್ಣ ಕಂಪನಿ ಹಾಕಿದರು. ಲಯನ್ಸ್‌ಗೆ ಆಗ ಇನ್ನೂ 21 ವರ್ಷ. ನಂತರ ಆಸ್ಟಿನ್ ಸೆವೆನ್‌ನಂಥ ಅಗ್ಗದ ಕಾರುಗಳಿಗೆ ಚೆಂದದ ಬಾಡಿ ಕಟ್ಟಿ ಮಾರತೊಡಗಿದರು. 1928ರಲ್ಲಿ ಕಾವೆಂಟ್ರಿಗೆ ಬಂದರು. ಸ್ವಂತ ಕಾರು ಮಾಡತೊಡಗಿದ ಮೇಲೆ, 1935ರಲ್ಲಿ ಒಂದು ಮಾದರಿಗೆ ಜಾಗ್ವಾರ್ ಎಂಬ ಹೆಸರಿಟ್ಟರು.

ಆ ಕಾರನ್ನು ಲಂಡನ್ನಿನ ಮೇಫೇರ್ ಹೋಟೆಲ್‌ನಲ್ಲಿ ತೋರಿಸಿದಾಗ, ಬೆಲೆ ಎಷ್ಟಿರಬಹುದು ಹೇಳಿ ಎಂದು ಅತಿಥಿಗಳನ್ನು ಕೇಳಲಾಯಿತು. ಅವರ ಅಂದಾಜಿನ ಸರಾಸರಿ 632 ಪೌಂಡ್. ನಿಜವಾದ ಬೆಲೆ 385 ಪೌಂಡ್. ಜಾಗ್ವಾರ್‌ನ ಮುಂದಿನ ಯಶಸ್ಸಿನ ಗುಟ್ಟೆಲ್ಲ ಈ ವ್ಯತ್ಯಾಸದಲ್ಲೇ ಇದೆ.

1961ರಲ್ಲಿ ಜಿನೀವಾದಲ್ಲಿ ಬಂದ ಇ-ಟೈಪ್ ಕೂಡ ಅದೇ ಲೆಕ್ಕದ್ದು. ಗಂಟೆಗೆ 150 ಮೈಲಿ ಓಡಬಲ್ಲ, ಕಣ್ಣು ಕೀಳಲಾಗದಷ್ಟು ಚೆಲುವಿನ ಕಾರು ಸುಮಾರು 2,100 ಪೌಂಡ್‌ಗೆ ಸಿಗುತ್ತಿತ್ತು. ಆಗಿನ ಆಸ್ಟನ್ ಮಾರ್ಟಿನ್ ಡಿಬಿ4ಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಕೊಡಬೇಕಿತ್ತು. ಲಯನ್ಸ್ ಖರ್ಚಿನಲ್ಲಿ ತುಂಬ ಬಿಗಿ ಮನುಷ್ಯ. ಮಾದರಿಗಳು ಕೆಲವೇ. 1949ರಲ್ಲಿ ತಯಾರಿಕೆ ಶುರುವಾದ ಎಕ್ಸ್‌ಕೆ ಎಂಜಿನ್ ಒಂದಲ್ಲ ಒಂದು ರೂಪದಲ್ಲಿ 1992ರ ತನಕ ನಡೆಯಿತು. ರೇಸ್ ಕಾರಿಗೂ ಅದೇ, ಕುಟುಂಬದ ಕಾರಿಗೂ ಅದೇ. 1951ರಿಂದ 1957ರ ನಡುವೆ ಫ್ರಾನ್ಸಿನ ಹೆಸರಾಂತ ಲ ಮಾನ್ ರೇಸನ್ನು ಜಾಗ್ವಾರ್ ಐದು ಸಲ ಗೆದ್ದಿತು. ಆ ಕಾರುಗಳಲ್ಲೂ ಈ ಎಂಜಿನ್ನೇ ಇತ್ತು.

ಆದರೆ ಈ ವ್ಯವಸ್ಥೆಯಲ್ಲಿ ಒಂದು ದುರ್ಬಲ ಕೊಂಡಿಯೂ ಇತ್ತು. ಕಾರಿನ ಬಾಡಿಗಾಗಿ ಜಾಗ್ವಾರ್ ಪ್ರೆಸ್ಡ್ ಸ್ಟೀಲ್ ಎಂಬ ಹೊರಗಿನ ಕಂಪನಿಯನ್ನು ನೆಚ್ಚಿಕೊಂಡಿತ್ತು. 1965ರಲ್ಲಿ ಆ ಕಂಪನಿಯನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಕೊಂಡಿತು. ಬಾಡಿ ಕೊಡುವವರೇ ಎದುರಾಳಿಯ ಕೈಗೆ ಹೋದರೆ ಗತಿ ಏನು? ಲಯನ್ಸ್‌ಗೆ ಅರವತ್ತು ದಾಟಿತ್ತು. ಕಂಪನಿ ವಹಿಸಿಕೊಳ್ಳಬೇಕಿದ್ದ ಒಬ್ಬನೇ ಮಗ 1955ರಲ್ಲಿ ಲ ಮಾನ್‌ಗೆ ಹೋಗುವ ದಾರಿಯಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದ. ಈ ಎಲ್ಲ ಒತ್ತಡದಲ್ಲಿ 1966ರಲ್ಲಿ ಅವರು ಜಾಗ್ವಾರನ್ನು ಅದೇ ಕಾರ್ಪೊರೇಷನ್ ಜೊತೆ ವಿಲೀನ ಮಾಡಿದರು.

ದೊಡ್ಡ ಗುಂಪಿನಲ್ಲಿ ಕಳೆದುಹೋದ ವರ್ಷಗಳು

ಎರಡೇ ವರ್ಷದಲ್ಲಿ, 1968ರಲ್ಲಿ, ಅದೂ ಇನ್ನೊಂದು ವಿಲೀನದಲ್ಲಿ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಆಸ್ಟಿನ್, ಮಾರಿಸ್, ರೋವರ್, ಟ್ರಯಂಫ್, ಎಂಜಿ ಎಲ್ಲ ಒಂದೇ ಸೂರಿನಡಿ ಬಂದವು. ಅವುಗಳಲ್ಲಿ ಕೆಲವು ಒಂದಕ್ಕೊಂದು ಪೈಪೋಟಿ ಕೊಡುತ್ತಿದ್ದವು. ಹೊಸ ಮಾದರಿಗೆ ಬೇಕಾದ ಹಣ ಎಲ್ಲರಿಗೂ ಹಂಚಿಹೋಗಿ ಯಾರಿಗೂ ಸಾಲಲಿಲ್ಲ. ಮುಷ್ಕರಗಳು ಬೇರೆ. 1975ರಲ್ಲಿ ಇಡೀ ಗುಂಪನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು.

ಇದರ ಪರಿಣಾಮ ಜಾಗ್ವಾರ್ ಮೇಲೆ ಹೇಗಾಯಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಜಾಗ್ವಾರ್‌ನ ದೊಡ್ಡ ಸೆಡಾನ್ ಎಕ್ಸ್‌ಜೆ6 ಬದಲಿಗೆ ಬರಬೇಕಿದ್ದ ಹೊಸ ಕಾರಿನ ಕೆಲಸ ಶುರುವಾದದ್ದು 1972ರ ಸುಮಾರಿಗೆ. ಅದು ರಸ್ತೆಗೆ ಬಂದದ್ದು 1986ರಲ್ಲಿ. ಈ ನಡುವೆ ಜರ್ಮನಿಯ ಮರ್ಸಿಡಿಸ್ ಮತ್ತು ಬಿಎಂಡಬ್ಲ್ಯು ಎಷ್ಟೋ ಮುಂದೆ ಹೋಗಿದ್ದವು. ಬಣ್ಣ ಸರಿ ಕೂರುತ್ತಿರಲಿಲ್ಲ, ವೈರಿಂಗ್ ಕೈಕೊಡುತ್ತಿತ್ತು. 1980ರ ಹೊತ್ತಿಗೆ ವರ್ಷಕ್ಕೆ 14-15 ಸಾವಿರ ಕಾರುಗಳ ಮಟ್ಟಕ್ಕೆ ಕಂಪನಿ ಇಳಿದಿತ್ತು.

ಅದೇ ವರ್ಷ ಜಾನ್ ಈಗನ್ ಅಧ್ಯಕ್ಷರಾಗಿ ಬಂದರು. ಜಾಗ್ವಾರ್ ಚರಿತ್ರೆಯಲ್ಲಿ ನಿಜವಾದ ಪುನಶ್ಚೇತನ ಎಂದು ಕರೆಯಬಹುದಾದದ್ದು ಇದು. ಅವರು ಹೊಸ ಕಾರಿನಿಂದ ಶುರು ಮಾಡಲಿಲ್ಲ, ದೂರುಗಳಿಂದ ಶುರು ಮಾಡಿದರು. ಗ್ರಾಹಕರು ಹೇಳಿದ ದೋಷಗಳನ್ನು ಪಟ್ಟಿ ಮಾಡಿಸಿದಾಗ, ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುವ ಬಿಡಿಭಾಗಗಳದ್ದು ಎಂದು ಗೊತ್ತಾಯಿತು. ಪೂರೈಕೆದಾರರ ಬೆನ್ನುಬಿದ್ದರು. ಡಾಲರ್ ಬಲವಾಗಿದ್ದ ಕಾಲ ಅದು. ಅಮೆರಿಕದಲ್ಲಿ ಮಾರಿದ ಪ್ರತಿ ಕಾರಿಗೂ ಜಾಸ್ತಿ ಪೌಂಡ್ ಕೈಸೇರುತ್ತಿತ್ತು. 1984ರಲ್ಲಿ ಜಾಗ್ವಾರ್ ಮತ್ತೆ ಸ್ವತಂತ್ರ ಖಾಸಗಿ ಕಂಪನಿಯಾಯಿತು. ಎಂಬತ್ತರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 50 ಸಾವಿರ ಕಾರುಗಳ ಮಟ್ಟ ಮುಟ್ಟಿತು.

ಆದರೆ ಡಾಲರ್ ಇಳಿಯಿತು, ಲಾಭವೂ ಇಳಿಯಿತು. ಹೊಸ ಮಾದರಿಗಳನ್ನು ಒಬ್ಬಂಟಿಯಾಗಿ ಕಟ್ಟುವಷ್ಟು ಬಂಡವಾಳ ಈ ಗಾತ್ರದ ಕಂಪನಿಯಲ್ಲಿ ಇರಲಿಲ್ಲ. 1989ರಲ್ಲಿ ಫೋರ್ಡ್ 1.6 ಬಿಲಿಯನ್ ಪೌಂಡ್ ಕೊಟ್ಟು ಕೊಂಡುಕೊಂಡಿತು.

ಫೋರ್ಡ್ ಮತ್ತು ಟಾಟಾ: ಎರಡು ಸಲ ಅದೇ ದಾರಿ

ಫೋರ್ಡ್ ಹಣ ಸುರಿಯಿತು, ಗುಣಮಟ್ಟ ಸುಧಾರಿಸಿತು. ಇದನ್ನು ಒಪ್ಪಲೇಬೇಕು. ಆದರೆ ಜಾಗ್ವಾರನ್ನು ಬಿಎಂಡಬ್ಲ್ಯು ಗಾತ್ರಕ್ಕೆ ಬೆಳೆಸಬೇಕು ಎಂಬ ಹಟವೂ ಅದಕ್ಕಿತ್ತು. ಅದಕ್ಕಾಗಿ 2001ರಲ್ಲಿ ಎಕ್ಸ್-ಟೈಪ್ ಬಂತು. ಫೋರ್ಡ್‌ನದೇ ಸಾಮಾನ್ಯ ಕಾರಾದ ಮಾಂಡಿಯೊ ತಳಪಾಯದ ಮೇಲೆ ಕಟ್ಟಿದ ಕಾರು ಅದು. ವರ್ಷಕ್ಕೆ 1 ಲಕ್ಷ ಮಾರುವ ಗುರಿ. ಒಳ್ಳೆಯ ವರ್ಷದಲ್ಲೂ ಅದರ ಅರ್ಧದ ಆಸುಪಾಸಿಗೆ ನಿಂತಿತು. ಮಾಂಡಿಯೊಗೆ ಜಾಗ್ವಾರ್ ವೇಷ ಹಾಕಿದ್ದಾರೆ ಎಂಬ ಮಾತು ಅದನ್ನು ಕೊನೆಯವರೆಗೂ ಬಿಡಲಿಲ್ಲ. 2008ರ ಜೂನ್‌ನಲ್ಲಿ ಫೋರ್ಡ್ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಸೇರಿಸಿ 2.3 ಬಿಲಿಯನ್ ಡಾಲರ್‌ಗೆ ಟಾಟಾಗೆ ಮಾರಿತು.

ಕೆಲವೇ ತಿಂಗಳಲ್ಲಿ ಜಗತ್ತಿನ ಆರ್ಥಿಕತೆ ಕುಸಿಯಿತು. 2008-09ರಲ್ಲಿ ಟಾಟಾ ಮೋಟಾರ್ಸ್ ಸುಮಾರು 2,500 ಕೋಟಿ ರೂಪಾಯಿ ನಷ್ಟ ಕಂಡಿತು. ರತನ್ ಟಾಟಾ ಕೈ ಸುಟ್ಟುಕೊಂಡರು ಎಂದವರು ಆಗ ಬಹಳ ಜನ. ಆದರೆ ಲ್ಯಾಂಡ್ ರೋವರ್‌ನ 2011ರ ರೇಂಜ್ ರೋವರ್ ಇವೋಕ್ ಮತ್ತು ಚೀನಾದ ಬೇಡಿಕೆ ಸೇರಿ ಕಂಪನಿಯನ್ನು ಮೇಲೆತ್ತಿದವು. ಬ್ರಿಟನ್ನಿನಲ್ಲಿ ಕಾರ್ಖಾನೆ ಮುಚ್ಚದೆ, ಎಂಜಿನಿಯರ್‌ಗಳನ್ನು ಉಳಿಸಿಕೊಂಡು ಆ ಕಷ್ಟ ದಾಟಿದ್ದು ಸಣ್ಣ ಸಾಧನೆಯಲ್ಲ.

ಗೆದ್ದದ್ದು ಮಾತ್ರ ಲ್ಯಾಂಡ್ ರೋವರ್. ಬಂದ ಹಣದಲ್ಲಿ ಜಾಗ್ವಾರ್‌ಗೂ ಪಾಲು ಸಿಕ್ಕಿತು. ಎಫ್-ಟೈಪ್, ಎಕ್ಸ್‌ಇ, ಹೊಸ ಎಕ್ಸ್‌ಎಫ್, ಎಫ್-ಪೇಸ್ ಸಾಲಾಗಿ ಬಂದವು. ಓಡಿಸಿ ನೋಡಿದವರು ಹೊಗಳಿದ ಕಾರುಗಳು ಇವು. ಆದರೆ ಎಕ್ಸ್‌ಇ ಬಂದ 2015ರಲ್ಲೇ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಡೀಸೆಲ್ ಹಗರಣ ಬಯಲಾಯಿತು, ಯುರೋಪಿನಲ್ಲಿ ಡೀಸೆಲ್ ಬೇಡಿಕೆ ಇಳಿಯತೊಡಗಿತು. ಜನ ಸೆಡಾನ್ ಬಿಟ್ಟು ಎಸ್‌ಯುವಿ ಕಡೆ ಹೊರಳಿದ್ದರು.

2018-19ರಲ್ಲಿ ಜಾಗ್ವಾರ್ ಮಾರಾಟ ಸುಮಾರು 1.8 ಲಕ್ಷ ಮುಟ್ಟಿತು. ಇತ್ತೀಚಿನ ದಶಕಗಳಲ್ಲಿ ಅದೇ ಶಿಖರ. ಆ ಹೊತ್ತಿಗೆ ಬಿಎಂಡಬ್ಲ್ಯು ವರ್ಷಕ್ಕೆ 20 ಲಕ್ಷಕ್ಕಿಂತ ಜಾಸ್ತಿ ಮಾರುತ್ತಿತ್ತು. ಹೊಸ ಕಾರಿನ ವಿನ್ಯಾಸ, ಎಂಜಿನ್, ಸುರಕ್ಷತಾ ಪರೀಕ್ಷೆ, ಸಾಫ್ಟ್‌ವೇರ್ ಇವುಗಳ ಖರ್ಚು ಸಣ್ಣ ಕಂಪನಿಗೆ ಕಮ್ಮಿ ಆಗುವುದಿಲ್ಲ. ಬಿಎಂಡಬ್ಲ್ಯು ಆ ಖರ್ಚನ್ನು ಹತ್ತು ಪಟ್ಟು ಕಾರುಗಳ ಮೇಲೆ ಹಂಚುತ್ತದೆ. ಬೆಲೆ ಮಾತ್ರ ಇಬ್ಬರದ್ದೂ ಒಂದೇ ಮಟ್ಟದಲ್ಲಿ ಇರಬೇಕು. ಹಾಗಾಗಿ ಶಿಖರ ಮುಟ್ಟಿದ ವರ್ಷದಲ್ಲೂ ಜಾಗ್ವಾರ್ ಉಸಿರು ಬಿಡುವಂತಿರಲಿಲ್ಲ. ಈ ಮಾದರಿಗಳಿಂದ ಲಾಭ ಬರುತ್ತಿರಲಿಲ್ಲ ಎಂದು ಕಂಪನಿಯ ಮುಖ್ಯಸ್ಥರೇ ನಂತರ ಒಪ್ಪಿಕೊಂಡರು.

2018ರ ಐ-ಪೇಸ್ ವಿಷಯದಲ್ಲಿ ಮಾತ್ರ ನೋವಾಗುತ್ತದೆ. ವಿದ್ಯುತ್ ಎಸ್‌ಯುವಿಯಲ್ಲಿ ಜರ್ಮನ್ನರಿಗಿಂತ ಮೊದಲೇ ಅಖಾಡಕ್ಕಿಳಿದು, 2019ರ ವಿಶ್ವದ ವರ್ಷದ ಕಾರು ಪ್ರಶಸ್ತಿ ಗೆದ್ದ ವಾಹನ ಅದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೂಗಲ್‌ನ ಸೋದರ ಕಂಪನಿ ವೇಮೊ ಓಡಿಸಿದ ಚಾಲಕರಿಲ್ಲದ ಟ್ಯಾಕ್ಸಿಗಳೂ ಇವೇ. ಆ ಮುನ್ನಡೆಯನ್ನು ಬಳಸಿಕೊಳ್ಳಲು ಎರಡನೆಯ ಕಾರು ಬರಲೇ ಇಲ್ಲ.

2021ರಲ್ಲಿ ತೆಗೆದುಕೊಂಡ ತೀರ್ಮಾನ

2021ರ ಫೆಬ್ರುವರಿಯಲ್ಲಿ ಆಗಿನ ಮುಖ್ಯಸ್ಥ ಥಿಯೆರಿ ಬೊಲೊರೆ ಯೋಜನೆ ಪ್ರಕಟಿಸಿದರು. 2025ರಿಂದ ಜಾಗ್ವಾರ್ ಪೂರ್ತಿ ವಿದ್ಯುತ್. ಬಹುತೇಕ ಸಿದ್ಧವಾಗಿದ್ದ ವಿದ್ಯುತ್ ಎಕ್ಸ್‌ಜೆ ರದ್ದು. ಮುಂದೆ ಜಾಗ್ವಾರ್‌ಗೇ ಮೀಸಲಾದ ಹೊಸ ತಳಪಾಯ. ಬೊಲೊರೆ 2022ರಲ್ಲಿ ಹೊರನಡೆದರೂ, ನಂತರ ಬಂದ ಏಡ್ರಿಯನ್ ಮಾರ್ಡೆಲ್ ಯೋಜನೆಯನ್ನು ಬಿಡಲಿಲ್ಲ.

2024ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ತೋರಿಸಿದ ಟೈಪ್ 00 ಇದರ ಮುನ್ನೋಟ. ಉದ್ದನೆಯ ಬಾನೆಟ್, ಹಿಂದೆ ಗಾಜೇ ಇಲ್ಲದ ಎರಡು ಬಾಗಿಲ ಕಾರು. ಮಾರಾಟಕ್ಕೆ ಬರುವ ಮೊದಲ ಮಾದರಿಗೆ ನಾಲ್ಕು ಬಾಗಿಲು. ಒಂದು ಚಾರ್ಜ್‌ಗೆ 770 ಕಿಲೋಮೀಟರ್ ತನಕ ಓಡಬೇಕು ಎಂಬುದು ಗುರಿ. ತಯಾರಿಕೆ ಸೊಲಿಹಲ್ ಕಾರ್ಖಾನೆಯಲ್ಲಿ.

ಸರಿ ಎನ್ನುವವರು, ತಪ್ಪು ಎನ್ನುವವರು

ಯೋಜನೆಯ ಪರ ಇರುವವರ ವಾದ ಹೀಗಿದೆ. ಸಂಖ್ಯೆ ಹೆಚ್ಚಿಸುವ ದಾರಿಯನ್ನು ಫೋರ್ಡೂ ಹಿಡಿಯಿತು, ಟಾಟಾನೂ ಹಿಡಿಯಿತು. ಎರಡು ಸಲವೂ ನಷ್ಟ. ಅದೇ ಕಂಪನಿಯ ರೇಂಜ್ ರೋವರ್ ಮತ್ತು ಡಿಫೆಂಡರ್ ಬೆಲೆ ಏರಿಸಿ ಗೆದ್ದಿವೆ. 2024-25ರಲ್ಲಿ ಜೆಎಲ್‌ಆರ್, ಅಂದರೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡೂ ಸೇರಿದ ಕಂಪನಿ, ತೆರಿಗೆಗೆ ಮೊದಲು 2.5 ಬಿಲಿಯನ್ ಪೌಂಡ್ ಲಾಭ ಮಾಡಿತು. ಆ ವರ್ಷ ಜಾಗ್ವಾರ್ ಮಾರಾಟ ಸುಮಾರು 27 ಸಾವಿರಕ್ಕೆ ಇಳಿದಿದ್ದರೂ ದಶಕದಲ್ಲೇ ಒಳ್ಳೆಯ ಲಾಭ ಬಂತು. ಹಳೆಯ ಜಾಗ್ವಾರ್‌ಗಳ ಮೇಲೆ ಲಾಭ ನಿಂತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮೇಲಾಗಿ ಬ್ರಿಟನ್ನಿನಲ್ಲಿ 2030ರಿಂದ ಬರೀ ಪೆಟ್ರೋಲ್, ಡೀಸೆಲ್‌ನಲ್ಲಿ ಓಡುವ ಹೊಸ ಕಾರು ಮಾರುವಂತಿಲ್ಲ. ಬದಲಾಗಲೇಬೇಕಿದ್ದರೆ ಒಂದೇ ಸಲ ಬದಲಾಗುವುದು ಲೇಸು.

ವಿರೋಧಿಗಳು ಹೇಳುವುದೂ ಸುಮ್ನೆ ಅಲ್ಲ. ಊರಿನ ದರ್ಶಿನಿಯೊಂದು ಬಾಗಿಲು ಹಾಕಿ, ಎರಡು ವರ್ಷ ಬಿಟ್ಟು ದುಬಾರಿ ಊಟದ ಹೋಟೆಲ್ ಆಗಿ ತೆರೆದರೆ ದಿನಾ ಬರುತ್ತಿದ್ದವರು ಅಷ್ಟರಲ್ಲಿ ಬೇರೆ ಕಡೆ ಕಾಫಿ ಕುಡಿಯಲು ಶುರು ಮಾಡಿರುತ್ತಾರೆ. ಹಳೆಯ ಗ್ರಾಹಕರಲ್ಲಿ ಶೇ 10ರಿಂದ 15ರಷ್ಟು ಮಂದಿ ಮಾತ್ರ ಜೊತೆ ಬರಬಹುದು ಎಂದು ಜಾಗ್ವಾರ್ ತಾನೇ ಅಂದಾಜು ಮಾಡಿದೆ. ಉಳಿದವರನ್ನೆಲ್ಲ ಹೊಸದಾಗಿ ಹುಡುಕಬೇಕು.

ಅದಕ್ಕಿಂತ ದೊಡ್ಡ ಆತಂಕ ವಿದ್ಯುತ್ತಿನದು. 2021ರಲ್ಲಿ ಸಿರಿವಂತರೆಲ್ಲ ವಿದ್ಯುತ್ ಕಾರಿಗೆ ಮುಗಿಬೀಳುತ್ತಾರೆ ಎಂಬ ನಂಬಿಕೆ ಇತ್ತು. ಹಾಗಾಗಲಿಲ್ಲ. ಪೋರ್ಶೆಯ ವಿದ್ಯುತ್ ಕಾರು ಟೈಕಾನ್ ಮಾರಾಟ 2024ರಲ್ಲಿ ಶೇ 49ರಷ್ಟು ಕುಸಿಯಿತು. ಪೋರ್ಶೆ ತನ್ನ ವಿದ್ಯುತ್ ಯೋಜನೆಗಳನ್ನು ಮುಂದೂಡಿ ಪೆಟ್ರೋಲ್ ಕಡೆ ಮರಳಿ ವಾಲಿದೆ. ಬೆಂಟ್ಲಿ ಪೂರ್ತಿ ವಿದ್ಯುತ್ ಆಗುವ ಗಡುವನ್ನು 2030ರಿಂದ 2035ಕ್ಕೆ ದೂಡಿದೆ. ಅವರಿಗೆ ಹಿಂದೆ ಸರಿಯಲು ಪೆಟ್ರೋಲ್ ಕಾರುಗಳಿವೆ. ಜಾಗ್ವಾರ್ ತನ್ನ ಪೆಟ್ರೋಲ್ ಕಾರುಗಳನ್ನೆಲ್ಲ ನಿಲ್ಲಿಸಿಬಿಟ್ಟಿದೆ. ಹೊಸ ತಳಪಾಯ ವಿದ್ಯುತ್ತಿಗೆಂದೇ ರೂಪಿಸಿದ್ದು. ಅದರಲ್ಲಿ ಎಂಜಿನ್ ಕೂರಿಸಬೇಕೆಂದರೆ ಮತ್ತೆ ವರ್ಷಗಟ್ಟಲೆ ಕೆಲಸ, ಮತ್ತೆ ಅಷ್ಟೇ ಹಣ.

ನನ್ನ ಮಟ್ಟಿಗೆ, ಸಂಖ್ಯೆಯ ಓಟದಿಂದ ಹೊರಬಂದದ್ದು ಸರಿಯಾದ ನಿರ್ಧಾರ. ಐವತ್ತು ವರ್ಷದಲ್ಲಿ ಜಾಗ್ವಾರ್‌ಗೆ ಪೆಟ್ಟು ಕೊಟ್ಟದ್ದೆಲ್ಲ ತನ್ನ ಗಾತ್ರಕ್ಕೆ ಮೀರಿದ ಆಟ. ಆದರೆ ವಿದ್ಯುತ್ ಒಂದನ್ನೇ ನಂಬಿ, ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡದ್ದು ಅಪಾಯಕಾರಿ. ಇನ್ನೊಂದು ವಿಷಯ. ಯಾವುದರ ನಕಲೂ ಆಗಬಾರದು ಎಂಬ ಲಯನ್ಸ್ ಮಾತನ್ನು ಕಂಪನಿ ಈಗ ತನ್ನ ಘೋಷಣೆ ಮಾಡಿಕೊಂಡಿದೆ. ಆದರೆ ಲಯನ್ಸ್ ಗೆದ್ದದ್ದು ನೋಡಿದವರು ಊಹಿಸಿದ್ದಕ್ಕಿಂತ ಕಮ್ಮಿ ಬೆಲೆಗೆ ಕೊಟ್ಟು. ಹೊಸ ಜಾಗ್ವಾರ್ ಹಿಡಿದದ್ದು ಅದರ ಉಲ್ಟಾ ದಾರಿ. ಅದು ಗೆದ್ದರೂ ಪರಂಪರೆಯ ಮುಂದುವರಿಕೆ ಆಗುವುದಿಲ್ಲ, ಹೊಸ ವ್ಯಾಪಾರವೇ ಆಗುತ್ತದೆ.

ಸೈಬರ್ ದಾಳಿ ಇದಕ್ಕೆ ಹೇಗೆ ಸಂಬಂಧ?

2025ರ ಆಗಸ್ಟ್ ಕೊನೆಯಲ್ಲಿ ಜೆಎಲ್‌ಆರ್ ಮೇಲೆ ಸೈಬರ್ ದಾಳಿ ನಡೆಯಿತು. ಸೆಪ್ಟೆಂಬರ್ ಪೂರ್ತಿ ಕಾರ್ಖಾನೆಗಳು ನಿಂತವು. ಅಕ್ಟೋಬರ್ ಎರಡನೆಯ ವಾರದಿಂದ ಹಂತ ಹಂತವಾಗಿ ಶುರುವಾದವು. ಬಿಡಿಭಾಗ ಕೊಡುವ ಸಣ್ಣ ಕಂಪನಿಗಳು ಮುಳುಗದಿರಲಿ ಎಂದು ಬ್ರಿಟನ್ ಸರ್ಕಾರ 1.5 ಬಿಲಿಯನ್ ಪೌಂಡ್ ಸಾಲಕ್ಕೆ ಖಾತರಿ ನಿಂತಿತು. ಒಟ್ಟು ಬ್ರಿಟಿಷ್ ಆರ್ಥಿಕತೆಗೆ ಆದ ಪೆಟ್ಟು ಸುಮಾರು 1.9 ಬಿಲಿಯನ್ ಪೌಂಡ್ ಎಂದು ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜಿಸಿತು. ಆ ತ್ರೈಮಾಸಿಕದಲ್ಲಿ ಜೆಎಲ್‌ಆರ್ 485 ಮಿಲಿಯನ್ ಪೌಂಡ್ ನಷ್ಟ ತೋರಿಸಿತು.

ಇದನ್ನೂ ಕೆಲವರು ಜಾಗ್ವಾರ್ ಜಾಹೀರಾತಿನ ಫಲ ಎಂದು ಓದಿಕೊಂಡರು. ನಿಜವಾಗಿ ಪೆಟ್ಟು ಬಿದ್ದದ್ದು ರೇಂಜ್ ರೋವರ್ ಮತ್ತು ಡಿಫೆಂಡರ್ ಮೇಲೆ. ನಿಲ್ಲಿಸಲು ಜಾಗ್ವಾರ್ ತಯಾರಿಕೆ ಹೆಚ್ಚೇನೂ ಉಳಿದಿರಲಿಲ್ಲ. ಆದರೆ ಜಾಗ್ವಾರ್ ಪುನರ್ಜನ್ಮಕ್ಕೆ ಹಣ ಬರುವುದು ಆ ಎರಡು ಕಾರುಗಳ ಲಾಭದಿಂದಲೇ. ಅವು ಎಡವಿದರೆ ಜಾಗ್ವಾರ್‌ಗಾಗಿ ಕಾಯುವ ತಾಳ್ಮೆ ಕಮ್ಮಿಯಾಗುತ್ತದೆ. ಬ್ರಿಟನ್ನಿನ ಕಾರುಗಳ ಮೇಲಿನ ಅಮೆರಿಕದ ಸುಂಕವೂ ಹಾಗೆಯೇ. 2025ರ ಏಪ್ರಿಲ್‌ನಲ್ಲಿ ಶೇ 27.5ಕ್ಕೆ ಏರಿದ ಸುಂಕ, ಬ್ರಿಟನ್ ಜೊತೆಗಿನ ಒಪ್ಪಂದದ ನಂತರ ವರ್ಷಕ್ಕೆ 1 ಲಕ್ಷ ಕಾರುಗಳ ಮಿತಿಯೊಳಗೆ ಶೇ 10ಕ್ಕೆ ಬಂತು. ಮೊದಲಿದ್ದ ಶೇ 2.5ಕ್ಕೆ ಹೋಲಿಸಿದರೆ ಇದೂ ಹೊರೆಯೇ.

ಭಾರತದಲ್ಲಿ ಕೂತು ನೋಡಿದರೆ

2025ರ ಅಕ್ಟೋಬರ್‌ನಲ್ಲಿ ಟಾಟಾ ಮೋಟಾರ್ಸ್ ಎರಡಾಗಿ ಒಡೆಯಿತು. ಲಾರಿ, ಬಸ್ಸುಗಳ ವ್ಯಾಪಾರ ಬೇರೆ ಕಂಪನಿಗೆ ಹೋಯಿತು. ಜೆಎಲ್‌ಆರ್ ಉಳಿದದ್ದು ಪ್ರಯಾಣಿಕ ವಾಹನಗಳ ಕಂಪನಿಯಲ್ಲಿ. ಆ ಕಂಪನಿಯ ಆದಾಯದಲ್ಲಿ ಬಹುಪಾಲು ಜೆಎಲ್‌ಆರ್‌ನದೇ. ಮೊದಲು ಇಂಗ್ಲೆಂಡಿನಲ್ಲಿ ನಷ್ಟವಾದರೆ ಇಲ್ಲಿನ ಲಾರಿ ಮಾರಾಟ ಅದನ್ನು ಸ್ವಲ್ಪ ತಗ್ಗಿಸುತ್ತಿತ್ತು. ಈಗ ಈ ಷೇರು ಹಿಡಿದವರಿಗೆ ಆ ಆಸರೆ ಇಲ್ಲ. ನವೆಂಬರ್‌ನಿಂದ ಜೆಎಲ್‌ಆರ್ ಚುಕ್ಕಾಣಿ ಪಿ.ಬಿ. ಬಾಲಾಜಿ ಕೈಯಲ್ಲಿದೆ. ಟಾಟಾ ಮೋಟಾರ್ಸ್‌ನ ಹಣಕಾಸು ಮುಖ್ಯಸ್ಥರಾಗಿದ್ದವರು, ಈ ಹುದ್ದೆಗೆ ಬಂದ ಮೊದಲ ಭಾರತೀಯ. ಹೊಸ ಜಾಗ್ವಾರ್‌ನ ಮೊದಲ ಮಾದರಿಯ ಖರ್ಚು ಬಹುತೇಕ ಆಗಿಹೋಗಿದೆ. ನಂತರದ ಮಾದರಿಗಳಿಗೆ ಎಷ್ಟು ಹಣ, ಯಾವಾಗ ಎಂಬುದನ್ನು ತೀರ್ಮಾನಿಸುವ ಹೊಣೆ ಇನ್ನು ಅವರದು.

ಇಲ್ಲಿ ಕೊಳ್ಳುವವರ ಲೆಕ್ಕ ಬೇರೆ. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಕಾರುಗಳ ಆಮದು ಸುಂಕವನ್ನು ಕೋಟಾದೊಳಗೆ ಹಂತ ಹಂತವಾಗಿ ಶೇ 10ಕ್ಕೆ ಇಳಿಸುವ ಅವಕಾಶವಿದೆ. ಆದರೆ ಮೊದಲ ಐದು ವರ್ಷ ವಿದ್ಯುತ್ ಕಾರುಗಳಿಗೆ ಈ ರಿಯಾಯಿತಿ ಇಲ್ಲ. ಅಂದರೆ ಪೆಟ್ರೋಲ್ ರೇಂಜ್ ರೋವರ್ ಅಗ್ಗವಾಗಬಹುದು, ಹೊಸ ಜಾಗ್ವಾರ್ ಆಗುವುದಿಲ್ಲ.

ಹೊಸ ಕಾರು ರಸ್ತೆಗಿಳಿದ ಮೇಲೂ ಮಾರಾಟದ ಅಂಕಿ ಸಣ್ಣದಾಗಿಯೇ ಇರುತ್ತದೆ. ಅದನ್ನು 2018-19ರ 1.8 ಲಕ್ಷದ ಜೊತೆ ಹೋಲಿಸಿ ಮತ್ತೆ ಕುಸಿತದ ಸುದ್ದಿ ಬರಬಹುದು. ಆ ಹೋಲಿಕೆಗೆ ಅರ್ಥವಿಲ್ಲ. ನೋಡಬೇಕಾದದ್ದು ರಿಯಾಯಿತಿಯನ್ನು. ಮೊದಲ ವರ್ಷದಲ್ಲೇ ಡೀಲರ್‌ಗಳು ಬೆಲೆ ಇಳಿಸಿ ಕಾರು ಖಾಲಿ ಮಾಡತೊಡಗಿದರೆ, ಸಂಖ್ಯೆ ಎಷ್ಟೇ ಚೆನ್ನಾಗಿ ಕಂಡರೂ 1 ಲಕ್ಷ ಪೌಂಡ್ ಕೊಡುವ ಹೊಸ ಗ್ರಾಹಕರು ಸಿಗಲಿಲ್ಲ ಎಂದೇ ಅರ್ಥ. ಪೂರ್ತಿ ಬೆಲೆಗೆ ವರ್ಷಕ್ಕೆ ಕೆಲವೇ ಸಾವಿರ ಕಾರು ಹೋದರೂ, ನಂತರದ ಮಾದರಿಗೆ ಟಾಟಾದಿಂದ ಹಣ ಕೇಳಲು ಜಾಗ್ವಾರ್‌ಗೆ ಒಂದು ಬಲವಾದ ಕಾರಣ ಸಿಗುತ್ತದೆ.